ಕೊಳಗ ಯಾರ ಕೈಯಲ್ಲಿದೆ?
ಶರಾವತಿ ಕಣಿವೆಯ ಯೋಜನೆಗಳು, ಪರಿಸರ ವರದಿ ಮತ್ತು ಜನರ ಅಹವಾಲು
(ಸಿಗಂದೂರು ಸಮೀಪದ ತುಮರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಿಮ್ಮಲ್ಲಿ ಹಲವರು ಇವತ್ತು ಸೇತುವೆ ದಾಟಿ ಬಂದಿದ್ದೀರಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಲಿಂಗನಮಕ್ಕಿ ಅಣೆಕಟ್ಟೆ ಎದ್ದು ನಿಂತದ್ದು 1964ರಲ್ಲಿ. ನಡುವಿನ ಅರವತ್ತೊಂದು ವರ್ಷ ಸಿಗಂದೂರಿನ ಭಕ್ತರು, ತುಮರಿಯ ಬಾಣಂತಿಯರು, ಸಾಗರದ ಕಾಲೇಜಿಗೆ ಹೋಗುವ ಮಕ್ಕಳು ದೋಣಿಗೆ ಕಾದರು, ಆಮೇಲೆ ಲಾಂಚಿಗೆ ಕಾದರು. ಹೊಳೆಗೆ ಕಟ್ಟೆ ಹಾಕಿದರೆ ಈಚೆ ದಡದವರು ಆಸ್ಪತ್ರೆಗೆ ಹೇಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು 1964ಕ್ಕೆ ಮೊದಲೇ ಯಾರಾದರೂ ಕಾಗದದ ಮೇಲೆ ಬರೆದು, ಉತ್ತರ ಕೊಡದೆ ಕೆಲಸ ಮುಂದುವರಿಸುವಂತಿಲ್ಲ ಎಂದು ಕಾನೂನೇ ಹೇಳಿದ್ದರೆ, ಸೇತುವೆ ಅಣೆಕಟ್ಟೆಯ ಜೊತೆಗೇ ಬರುತ್ತಿತ್ತು. ಆಗ ಅಂಥ ಕಾನೂನು ಇರಲಿಲ್ಲ. ಈಗ ಇದೆ. ಅದನ್ನು ನಾವು ಎಷ್ಟು ಬಲ್ಲೆವು, ಎಷ್ಟು ಬಳಸುತ್ತೇವೆ, ಅದರಲ್ಲಿ ಎಲ್ಲಿ ತೂತುಗಳಿವೆ ಎಂಬುದೇ ಇವತ್ತಿನ ನನ್ನ ವಿಷಯ.

ಈ ಸೀಮೆಯಲ್ಲಿ ನಿಂತು ಮಾತಾಡುವಾಗ ಕಾಗೋಡು ನೆನಪಾಗದೆ ಇರುವುದಿಲ್ಲ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತಾಗ ಜಗಳದ ಮೊದಲ ಮಾತು ಜಮೀನಿನ ಒಡೆತನದ್ದಾಗಿರಲಿಲ್ಲ. ಅದು ಕೊಳಗದ ಮಾತು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರ ಎಷ್ಟಿರಬೇಕು, ಅದನ್ನು ನಿಗದಿ ಮಾಡುವವರು ಯಾರು ಎಂಬುದು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಅಳತೆ ಪಡೆಯುವವನ ಕೈಯಲ್ಲೇ ಇದ್ದರೆ ಕೊಡುವವನಿಗೆ ನ್ಯಾಯ ಸಿಗುವುದಿಲ್ಲ ಎಂದು ಆ ರೈತರು ಕಂಡುಕೊಂಡಿದ್ದರು. ಪರಿಸರ ಪರಿಣಾಮ ಅಂದಾಜು ವರದಿ ಎಂದು ನಾವು ಇಂದು ಕರೆಯುವುದು ಕೂಡ ಒಂದು ಕೊಳಗವೇ. ಕಾಡು ಎಷ್ಟು ಹೋಗುತ್ತದೆ, ಧರೆ ಎಷ್ಟು ಕುಸಿಯಬಹುದು, ಹೊಳೆಯ ಮೀನಿಗೆ ಏನಾಗುತ್ತದೆ ಎಂಬುದನ್ನೆಲ್ಲ ಅದರಿಂದಲೇ ಅಳೆಯುತ್ತಾರೆ. ಆ ವರದಿಯನ್ನು ಬರೆಯುವ ಸಲಹಾ ಸಂಸ್ಥೆಯನ್ನು ಆರಿಸುವವರು ಯೋಜನೆ ಮಾಡುವವರು, ಸಂಭಾವನೆ ಕೊಡುವವರೂ ಅವರೇ. ಸಂಸ್ಥೆಗೆ ಮಾನ್ಯತೆ ಇರಬೇಕೆಂಬ ನಿಯಮ ಬಂದಿದೆ, ಒಳ್ಳೆಯದೇ. ಆದರೂ ಅಳೆಯುವವನ ಸಂಬಳ ಪಡೆಯುವವನ ಮನೆಯಿಂದಲೇ ಹೋಗುತ್ತಿದೆ.

ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡೋಣ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1994ರ ಜನವರಿಯಲ್ಲಿ ಮೊದಲ ಅಧಿಸೂಚನೆ ಬಂತು. ಜನರನ್ನು ಕೇಳಲೇಬೇಕು ಎಂಬ ಅಂಶ ಅದಕ್ಕೆ ಸೇರಿದ್ದು 1997ರಲ್ಲಿ. ಇಂದು ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದರ ಪ್ರಕಾರ ಅಹವಾಲು ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮೊದಲಾದ ಕಡೆ ಜನರಿಗೆ ನೋಡಲು ಸಿಗಬೇಕು. ಸಭೆಯ ಇಡೀ ಕಲಾಪ ವಿಡಿಯೋ ಆಗಬೇಕು. ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ಎದ್ದ ಪ್ರಶ್ನೆಗಳನ್ನೂ ಯೋಜನೆಯವರ ಉತ್ತರವನ್ನೂ ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು.

ಓದುವಾಗ ಸಮಾಧಾನವಾಗುತ್ತದೆ. ಆದರೆ ಯಾವ ಯೋಜನೆ ಈ ಬಾಗಿಲಿಗೆ ಬರಬೇಕು, ಯಾವುದು ಬರಬೇಕಿಲ್ಲ ಎಂಬ ಪಟ್ಟಿ ನೋಡಿದಾಗ ಆತಂಕ ಶುರುವಾಗುತ್ತದೆ.

ಅನಿಲದ ಕೊಳವೆಯನ್ನೇ ತೆಗೆದುಕೊಳ್ಳಿ. ಕೊಚ್ಚಿಯಿಂದ ಮಂಗಳೂರಿಗೆ ಬಂದಿರುವ ಗೇಲ್ ಕಂಪನಿಯ ನೈಸರ್ಗಿಕ ಅನಿಲ ಕೊಳವೆ ಸುಮಾರು 450 ಕಿಲೋಮೀಟರ್ ಉದ್ದದ್ದು. 2021ರ ಜನವರಿ 5ರಂದು ಪ್ರಧಾನಿ ಅದನ್ನು ಉದ್ಘಾಟಿಸಿದರು. ಕಣ್ಣೂರು ದಾಟಿ, ನಮ್ಮ ಕನ್ನಡಿಗರಿರುವ ಕಾಸರಗೋಡು ಜಿಲ್ಲೆಯ ತೋಟಗದ್ದೆಗಳ ನಡುವೆ ಹಾದು ಅದು ಮಂಗಳೂರು ಸೇರುತ್ತದೆ. 2006ರ ಅಧಿಸೂಚನೆಯ ಪ್ರಕಾರ ತೈಲ ಮತ್ತು ಅನಿಲ ಸಾಗಣೆಯ ಕೊಳವೆಗೆ ಪರಿಸರ ಅನುಮತಿ ಬೇಕಾಗುವುದು ಅದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದ ದಿಬ್ಬ ಅಥವಾ ಪರಿಸರ ಸೂಕ್ಷ್ಮ ಪ್ರದೇಶದ ಮೂಲಕ ಹಾದುಹೋದರೆ. ಅಡಿಕೆ ತೋಟದ ಮೂಲಕ, ಮನೆಯ ಹಿತ್ತಿಲ ಮೂಲಕ ಹಾದುಹೋದರೆ ಈ ಪಟ್ಟಿಯ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬೇರೊಂದು ಕಾನೂನು, 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆ. ಅದರಲ್ಲಿ ನೆಲ ನಿಮ್ಮದಾಗಿಯೇ ಉಳಿಯುತ್ತದೆ, ನೆಲದಡಿ ಕೊಳವೆ ಹಾಕುವ ಬಳಕೆಯ ಹಕ್ಕು ಮಾತ್ರ ಸರ್ಕಾರ ತೆಗೆದುಕೊಳ್ಳುತ್ತದೆ. ಕೊಳವೆ ಹಾದುಹೋದ ನೆಲದ ಪಟ್ಟಿಯಲ್ಲಿ ಮುಂದೆ ನೀವು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆ ಹಕ್ಕಿಗೆ ಕೊಡುವ ಪರಿಹಾರ ನೆಲದ ಮಾರುಕಟ್ಟೆ ಬೆಲೆಯ ಶೇಕಡ 10. ಬೆಳೆ, ಮರಗಳ ನಷ್ಟ ಬೇರೆ. ಆಕ್ಷೇಪ ಹೇಳಲು ಅಧಿಸೂಚನೆಯಾದ ಮೇಲೆ 21 ದಿನ ಕಾಲಾವಕಾಶ, ಅದೂ ಆ ನೆಲದಲ್ಲಿ ಹಿತಾಸಕ್ತಿ ಇರುವವರಿಗೆ ಮಾತ್ರ. ಪಕ್ಕದ ಮನೆಯವನಿಗೆ, ಕೊಳವೆಯ ಹತ್ತಿರದ ಶಾಲೆಗೆ, ಊರಿಗೆ ಊರಾಗಿ ಮಾತಾಡುವ ಜಾಗ ಅದರಲ್ಲಿಲ್ಲ. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಅನಿಲ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ತೀರಿಕೊಂಡರು. ಕೊಳವೆಯ ಸುದ್ದಿ ಅದು ಹಾದುಹೋಗುವ ಹೊಲದವನಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನೀರಿನ ಕೊಳವೆಯ ಕಥೆ ಇನ್ನೂ ವಿಚಿತ್ರ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಮಾತು ನಿಮಗೆಲ್ಲ ಗೊತ್ತು. ಬಿ.ಎನ್. ತ್ಯಾಗರಾಜ ಸಮಿತಿ ಈ ದಾರಿ ಸೂಚಿಸಿತ್ತು. 2019ರಲ್ಲಿ ಸರ್ಕಾರ ವಿಸ್ತೃತ ಯೋಜನಾ ವರದಿಗೆ ಸೂಚನೆ ಕೊಟ್ಟಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಅಣೆಕಟ್ಟೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಮುಳುಗಡೆಯನ್ನು ಕಣ್ಣಾರೆ ಕಂಡು, ಅದನ್ನೇ ಬರೆದ ನಾ. ಡಿಸೋಜ ಅವರು ಆ ಹೋರಾಟದ ಮುಂದಾಳು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರಿಲ್ಲದ ಸಾಗರದಲ್ಲಿ ಈ ವಿಷಯ ಎತ್ತುವಾಗ ಗಂಟಲು ಕಟ್ಟುತ್ತದೆ. ಅಣೆಕಟ್ಟೆಯ ಪೂರ್ಣ ಮಟ್ಟ ಸಮುದ್ರದಿಂದ 1819 ಅಡಿ, ಅಂದರೆ ಸುಮಾರು 554 ಮೀಟರ್. ಬೆಂಗಳೂರು ಇರುವುದು 900 ಮೀಟರ್ ಆಸುಪಾಸಿನಲ್ಲಿ. ನಡುವೆ 300 ಕಿಲೋಮೀಟರಿಗೂ ಮೀರಿದ ದಾರಿ. ಇಷ್ಟು ನೀರನ್ನು ಇಷ್ಟು ಎತ್ತರಕ್ಕೆ, ಇಷ್ಟು ದೂರ ತಳ್ಳುವ ಕೆಲಸ ಕುಡಿಯುವ ನೀರಿನ ಯೋಜನೆ ಎಂಬ ಹೆಸರಲ್ಲಿ ಬಂದರೆ ಏನಾಗುತ್ತದೆ? 2006ರ ಪಟ್ಟಿಯಲ್ಲಿ ಕುಡಿಯುವ ನೀರಿನ ಯೋಜನೆ ಎಂಬ ಬಾಬ್ತೇ ಇಲ್ಲ. ಸಕಲೇಶಪುರದ ಎತ್ತಿನಹೊಳೆಯಲ್ಲಿ ಆದದ್ದು ಇದೇ. 24.01 ಟಿಎಂಸಿ ನೀರನ್ನು ಪಶ್ಚಿಮಘಟ್ಟದಿಂದ ಎತ್ತಿ ಪೂರ್ವಕ್ಕೆ ಕಳಿಸುವ ಯೋಜನೆಗೆ ಕುಡಿಯುವ ನೀರಿನದೆಂಬ ಕಾರಣಕ್ಕೆ ಪರಿಸರ ಅನುಮತಿ ಬೇಡವಾಯಿತು. ಅನುಮತಿ ಬೇಡವೆಂದರೆ ವರದಿ ಬೇಡ, ವರದಿ ಬೇಡವೆಂದರೆ ಅಹವಾಲು ಸಭೆಯೂ ಬೇಡ. ಬಾಯಾರಿದವರಿಗೆ ನೀರು ಬೇಡವೆನ್ನುವ ಕಲ್ಲುಮನಸ್ಸು ಇಲ್ಲಿ ಯಾರಿಗೂ ಇಲ್ಲ. ಆದರೆ ನೀರು ಕೊಡುವ ಕಣಿವೆಯವರನ್ನು ಒಂದು ಮಾತು ಕೇಳದಿರಲು ಬಾಯಾರಿಕೆ ಕಾರಣವಾಗಬಾರದು.

ಇನ್ನು ವಿದ್ಯುತ್ತು. ಇದು ಪಟ್ಟಿಯೊಳಗೇ ಬರುತ್ತದೆ. ಹಾಗಾಗಿಯೇ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರ್ 16ರಂದು ಕಾರ್ಗಲ್‌ನಲ್ಲಿ, 18ರಂದು ಗೇರುಸೊಪ್ಪದಲ್ಲಿ ಅಹವಾಲು ಸಭೆ ನಡೆಯಿತು. ಯೋಜನೆ ಏನೆಂದು ಸರಳವಾಗಿ ಹೇಳುತ್ತೇನೆ, ಏಕೆಂದರೆ ಅರ್ಥವಾಗದ ಯೋಜನೆಗೆ ಆಕ್ಷೇಪವನ್ನೂ ಸರಿಯಾಗಿ ಬರೆಯಲಾಗದು. ಲಿಂಗನಮಕ್ಕಿಯ ನೀರು ಕಾಲುವೆಯಲ್ಲಿ ತಲಕಳಲೆ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಇಳಿದು 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ತಿರುಗಿಸಿ, ಮುಂದೆ ಗೇರುಸೊಪ್ಪದ ಜಲಾಶಯ ಸೇರಿ, ಅಲ್ಲಿ ಇನ್ನೊಮ್ಮೆ 240 ಮೆಗಾವಾಟ್‌ನ ಯಂತ್ರಗಳನ್ನು ತಿರುಗಿಸಿ ಹೊನ್ನಾವರದ ಸಮುದ್ರಕ್ಕೆ ಹೋಗುತ್ತದೆ. ಹೊಸ ಯೋಜನೆಯಲ್ಲಿ ಗೇರುಸೊಪ್ಪದ ನೀರನ್ನು ವಿದ್ಯುತ್ ಅಗ್ಗವಿರುವ ಹೊತ್ತಿನಲ್ಲಿ ಸುಮಾರು 450 ಮೀಟರ್ ಮೇಲಿನ ತಲಕಳಲೆಗೆ ಪಂಪ್ ಮಾಡಿ, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಮತ್ತೆ ಕೆಳಗೆ ಬಿಡುತ್ತಾರೆ. 250 ಮೆಗಾವಾಟ್‌ನ ಎಂಟು ಯಂತ್ರ, ಒಟ್ಟು 2000 ಮೆಗಾವಾಟ್. ಎರಡು ಜಲಾಶಯಗಳೂ ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ ಎಂಬುದು ಕರ್ನಾಟಕ ವಿದ್ಯುತ್ ನಿಗಮದ ವಾದ. ಸುರಂಗ, ಭೂಗತ ವಿದ್ಯುದಾಗಾರ, ರಸ್ತೆ ಇವೆಲ್ಲ ಬರುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ. ಬೇಕಾಗುವ ಅರಣ್ಯ 54 ಹೆಕ್ಟೇರ್‌ಗಿಂತ ಸ್ವಲ್ಪ ಹೆಚ್ಚು, ಕಡಿಯಬೇಕಾದ ಮರ 16 ಸಾವಿರದಷ್ಟು.

ಎರಡೂ ಸಭೆಗಳಲ್ಲಿ ವಿರೋಧದ ದನಿಯೇ ಹೆಚ್ಚಿತ್ತು. ಪತ್ರಿಕೆಗಳಲ್ಲಿ ನೀವು ಓದಿದ್ದೀರಿ, ಇಲ್ಲಿರುವ ಕೆಲವರು ಅಲ್ಲಿಗೆ ಹೋಗಿ ಮಾತಾಡಿದ್ದೀರಿ. ನನಗೆ ಕಾಡುವ ವಿಷಯ ಬೇರೆ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟದ್ದು 2025ರ ಜೂನ್‌ನಲ್ಲಿ, ಜನರ ಮಾತು ಕೇಳಿದ್ದು ಸೆಪ್ಟೆಂಬರ್‌ನಲ್ಲಿ. ಕಾನೂನಿನ ಮಟ್ಟಿಗೆ ಇವು ಎರಡು ಬೇರೆ ಬೇರೆ ದಾರಿ, ಒಂದಕ್ಕೆ ಇನ್ನೊಂದು ಕಾಯಬೇಕೆಂಬ ನಿಯಮವಿಲ್ಲ ಎನ್ನುತ್ತಾರೆ. ಆದರೆ ಕಾಡಿನ ಅಂಚಿನಲ್ಲಿ ಬದುಕುವವರಿಗೆ ಸಿಂಗಳೀಕದ ಬಗ್ಗೆ ತಿಳಿದಿರುವುದನ್ನು ಕೇಳುವ ಮೊದಲೇ ಸಿಂಗಳೀಕದ ಬಗ್ಗೆ ತೀರ್ಮಾನವಾದರೆ, ಕೇಳಿಸಿಕೊಂಡದ್ದಕ್ಕೆ ಏನು ಬೆಲೆ? ಈ ಅಭಯಾರಣ್ಯವನ್ನು 1972ರ ಹಳೆಯ ಶರಾವತಿ ಅಭಯಾರಣ್ಯಕ್ಕೆ ಅಘನಾಶಿನಿಯ ಕಾಡನ್ನು ಸೇರಿಸಿ 2019ರಲ್ಲಿ ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿಸಿದ್ದೇ ಸಿಂಗಳೀಕಕ್ಕಾಗಿ. ಈ ಕಪ್ಪು ಮಂಗ ಮರದಿಂದ ಮರಕ್ಕೆ ಹಾರಿಯೇ ಬದುಕುವ ಪ್ರಾಣಿ. ಮೇಲಿನ ಹಂದರ ಒಂದು ಕಡೆ ಹರಿದರೆ ಅದರ ಗುಂಪು ಎರಡು ದ್ವೀಪವಾಗುತ್ತದೆ. ಹೆಕ್ಟೇರಿನ ಲೆಕ್ಕದಲ್ಲಿ 54 ಸಣ್ಣ ಸಂಖ್ಯೆ ಎನಿಸಬಹುದು. ಆ 54 ಒಂದೇ ತುಂಡಾಗಿದೆಯೋ ಉದ್ದನೆಯ ಪಟ್ಟಿಯಾಗಿ ಕಾಡನ್ನು ಸೀಳುತ್ತದೋ ಎಂಬುದು ಸಿಂಗಳೀಕಕ್ಕೆ ಸಾವು ಬದುಕಿನ ಪ್ರಶ್ನೆ. ಇಂಥ ಕಡೆಯೇ ಕೊಳಗದ ಗಾತ್ರ ನೋಡಬೇಕು.

ಇನ್ನೊಂದು ಅಳತೆ ಮಳೆಯದು. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕೆನ್ನುವ ರೂಢಿ ಹಲವು ಬಗೆಯ ಯೋಜನೆಗಳ ವರದಿಗಳಲ್ಲಿದೆ. ಜೂನ್‌ನಿಂದ ಅಕ್ಟೋಬರ್ ತನಕ ಮುಗಿಲು ಕಳಚಿ ಬೀಳುವ ಈ ನಾಡಿನ ನೆಲದ ಗುಣವನ್ನು ಫೆಬ್ರವರಿಯ ಒಣ ಮಣ್ಣಿನಲ್ಲಿ ಅಳೆದರೆ ಏನು ಸಿಗುತ್ತದೆ? ಸುರಂಗ ಕೊರೆದಾಗ ಬರುವ ಕಲ್ಲುಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಆ ಗುಡ್ಡೆಯ ಮೇಲೆ ಆಷಾಢದ ಮಳೆ ಹೊಯ್ದರೆ ಅದು ಯಾವ ಹಳ್ಳಕ್ಕೆ ಇಳಿಯುತ್ತದೆ, ಹಳ್ಳದ ಕೆಳಗೆ ಯಾರ ತೋಟವಿದೆ? ಈ ಪ್ರಶ್ನೆಗಳಿಗೆ ಉತ್ತರ ನಕ್ಷೆಯಲ್ಲಿ ಇರಬೇಕು, ಊರಿನ ಹೆಸರಿನೊಂದಿಗೆ, ಹಳ್ಳದ ಹೆಸರಿನೊಂದಿಗೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬ ಮೂರು ಪದ ಉತ್ತರವಲ್ಲ.

ಹೊಳೆಯ ಬಾಯಿಯ ಅಳತೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಶ್ಚಂದ್ರನ್ ಮತ್ತು ಅವರ ಸಂಗಡಿಗರು ಶರಾವತಿಯ ಅಳಿವೆಯನ್ನೂ ಅಣೆಕಟ್ಟೆಯಿಲ್ಲದ ಅಘನಾಶಿನಿಯ ಅಳಿವೆಯನ್ನೂ ಅಧ್ಯಯನ ಮಾಡಿದ್ದಾರೆ. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಇಳಿದಿದೆ, ಅಲ್ಲಿನ ಮೀನು, ಚಿಪ್ಪುಜೀವಿಗಳ ಬದುಕು ಬದಲಾಗಿದೆ. ಅರವತ್ತು ವರ್ಷ ಹಿಂದಿನ ಅಣೆಕಟ್ಟೆಯ ಪರಿಣಾಮ ಹೊನ್ನಾವರದ ಮೀನುಗಾರನ ಬಲೆಯಲ್ಲಿ ಇಂದಿಗೂ ಕಾಣುತ್ತದೆ. ಹೀಗಿರುವಾಗ ಯೋಜನೆಯ ಸುತ್ತ ಹತ್ತು ಕಿಲೋಮೀಟರಿನ ಒಂದು ವೃತ್ತ ಎಳೆದು ಪರಿಣಾಮ ಇಷ್ಟರೊಳಗೇ ಮುಗಿಯಿತು ಎಂದರೆ ನದಿ ಒಪ್ಪುವುದಿಲ್ಲ. ಶರಾವತಿಯ ಮೇಲೆ 1948ರ ಹಿರೇಭಾಸ್ಕರ ಅಣೆಕಟ್ಟೆಯಿಂದ ಹಿಡಿದು ಇಂದಿನ ತನಕ ಒಂದರ ಮೇಲೊಂದು ಬಂದಿವೆ. ಹೊಸದೊಂದನ್ನು ಅಳೆಯುವಾಗ ಹಿಂದಿನವುಗಳ ಭಾರವನ್ನೂ ಸೇರಿಸಿಯೇ ಅಳೆಯಬೇಕು.

ಮುಳುಗಡೆಯವರ ಮಾತು ಇಲ್ಲಿ ಬರಬೇಕು. ಲಿಂಗನಮಕ್ಕಿಯಿಂದ ಎದ್ದ ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆಯ ಕಾಡಿನಲ್ಲಿ ಇಳಿಸಿದರು. ಆ ನೆಲಕ್ಕೆ ಹಕ್ಕುಪತ್ರ ಇಲ್ಲದೆ ಎರಡು ತಲೆಮಾರು ಕಳೆದಿವೆ. ರಾಜ್ಯ ಸರ್ಕಾರ ಅವರಿಗಾಗಿ ಅರಣ್ಯ ಭೂಮಿಯನ್ನು ಕೈಬಿಟ್ಟು ಹೊರಡಿಸಿದ ಅಧಿಸೂಚನೆಗಳನ್ನು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಅನುಮತಿ ಪಡೆದಿಲ್ಲವೆಂದು ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು. ಕಾಗದವಿಲ್ಲದ ಈ ತೋಟಗಳು ಯಾವುದೇ ಯೋಜನೆಯ ಸಾಮಾಜಿಕ ಅಧ್ಯಯನದಲ್ಲಿ ಬಾಧಿತರ ಆಸ್ತಿ ಎಂದು ಬರೆಯಲ್ಪಡುವುದೇ ಕಷ್ಟ. ಅರಣ್ಯ ಎಂದೋ ಒತ್ತುವರಿ ಎಂದೋ ಒಂದು ಸಾಲಿನಲ್ಲಿ ಮುಗಿದುಹೋಗಬಹುದು. ಒಮ್ಮೆ ರಾಜ್ಯಕ್ಕೆ ಬೆಳಕು ಕೊಡಲು ಮನೆ ಬಿಟ್ಟವನು ಎರಡನೇ ಸಲ ಲೆಕ್ಕಕ್ಕೇ ಸಿಗದಿರುವುದು ಅನ್ಯಾಯದ ಮೇಲಿನ ಅನ್ಯಾಯ.

ಜನರನ್ನು ಕೇಳುವುದೆಂದರೆ ಹೇಗಿರಬೇಕು? ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಒಂದು ಅನಿಲ ಕೊಳವೆಯದೇ, ದೂರದ ಕೆನಡಾದ್ದು. ಉತ್ತರ ಧ್ರುವದ ಕಡೆಯ ನೈಸರ್ಗಿಕ ಅನಿಲವನ್ನು ಮೆಕೆಂಜಿ ನದಿಯ ಕಣಿವೆಯ ಮೂಲಕ ದಕ್ಷಿಣಕ್ಕೆ ತರುವ ಕೊಳವೆಯ ಪ್ರಸ್ತಾವ ಬಂದಾಗ, 1974ರಲ್ಲಿ ಅಲ್ಲಿನ ಸರ್ಕಾರ ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ವಿಚಾರಣೆಗೆ ನೇಮಿಸಿತು. ಅವರು ರಾಜಧಾನಿಯಲ್ಲಿ ಕೂತು ಅರ್ಜಿ ತರಿಸಿಕೊಳ್ಳಲಿಲ್ಲ. ಆ ಹಿಮದ ನಾಡಿನ 35 ಊರುಗಳಿಗೆ ತಾವೇ ಹೋದರು. ಊರಿನ ಸಭಾಭವನದಲ್ಲಿ, ಮೀನು ಹಿಡಿಯುವವರ ಬಿಡಾರದಲ್ಲಿ ಕೂತು ಕೇಳಿದರು. ಜನ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿದರು, ದುಭಾಷಿಗಳಿದ್ದರು. ಅಲ್ಲಿ ನಡೆದದ್ದನ್ನು ಸಂಜೆ ರೇಡಿಯೋ ಅಲ್ಲಿನ ಮೂಲನಿವಾಸಿಗಳ ಭಾಷೆಗಳಲ್ಲೇ ಬಿತ್ತರಿಸುತ್ತಿತ್ತು, ಹಾಗಾಗಿ ಒಂದೂರಿನವರು ಹೇಳಿದ್ದನ್ನು ಕೇಳಿ ಮುಂದಿನ ಊರಿನವರು ತಯಾರಾಗುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಮೂಲನಿವಾಸಿಗಳ ಮತ್ತು ಪರಿಸರದ ಸಂಘಟನೆಗಳಿಗೆ ಸ್ವಂತ ತಜ್ಞರನ್ನು ಇಟ್ಟುಕೊಳ್ಳಲು ಸರ್ಕಾರವೇ ಹಣ ಕೊಟ್ಟಿತು. ಕಂಪನಿಯ ಕೊಳಗಕ್ಕೆ ಎದುರಾಗಿ ಜನರ ಕೈಯಲ್ಲೂ ಒಂದು ಕೊಳಗ ಇತ್ತು. 1977ರಲ್ಲಿ ಬರ್ಜರ್ ವರದಿ ಕೊಟ್ಟರು. ಯೂಕಾನ್‌ನ ಉತ್ತರ ಭಾಗದಲ್ಲಿ ಕೊಳವೆ ಬೇಡವೇ ಬೇಡ, ಮೆಕೆಂಜಿ ಕಣಿವೆಯಲ್ಲಿ ಹತ್ತು ವರ್ಷ ಕೆಲಸ ತಡೆದು ಮೊದಲು ಅಲ್ಲಿನವರ ಭೂಮಿಯ ಹಕ್ಕು ಇತ್ಯರ್ಥ ಮಾಡಿ ಎಂದರು. ಭೂಮಿಯ ಹಕ್ಕು ಮೊದಲು, ಕೊಳವೆ ಆಮೇಲೆ. ಹೊಸನಗರದ ಮುಳುಗಡೆ ಸಂತ್ರಸ್ತರಿಗೆ ಈ ಸಾಲಿನ ಅರ್ಥವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಅಷ್ಟು ದೂರ ಹೋಗಲೂ ಬೇಕಿಲ್ಲ. ಪರಿಸರ ವರದಿಯ ಅಧಿಸೂಚನೆಗಳು ಹುಟ್ಟುವ ಮುಂಚೆಯೇ ಬೇಡ್ತಿ ಹೊಳೆಯ ಜಲವಿದ್ಯುತ್ ಯೋಜನೆಯ ಬಗ್ಗೆ ಶಿರಸಿಯವರು ತಾವೇ ಅಳತೆ ಮಾಡಿದರು. ಅಲ್ಲಿನ ತೋಟಗಾರರ ಸಹಕಾರ ಸಂಘ ಬೆನ್ನಿಗೆ ನಿಂತಿತು. 1981ರಲ್ಲಿ ವಿಜ್ಞಾನಿಗಳನ್ನೂ ಎಂಜಿನಿಯರರನ್ನೂ ಅಧಿಕಾರಿಗಳನ್ನೂ ರೈತರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿ, ಮುಳುಗುವ ಅಡಿಕೆ ತೋಟ, ಕಾಡು, ಬರುವ ವಿದ್ಯುತ್ತು ಎಲ್ಲದರ ಲಾಭನಷ್ಟ ಲೆಕ್ಕ ಹಾಕಿಸಿದರು. ಆ ಯೋಜನೆ ನಿಂತಿತು. ಅಡಿಕೆ ಮಾರಿದ ಹಣದ ಒಂದಿಷ್ಟು ಪಾಲು ಲೆಕ್ಕ ಕಲಿಯಲು ಖರ್ಚಾದ ಆ ದಿನಗಳನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ ಇಂದು ಅದಕ್ಕಿಂತ ದೊಡ್ಡ ಸಹಕಾರ ಸಂಘಗಳಿವೆ, ಓದಿದ ಮಕ್ಕಳು ಮನೆಮನೆಯಲ್ಲಿದ್ದಾರೆ.

ಯೋಜನೆಯ ಪರವಾಗಿ ಹೇಳುವವರ ಮಾತನ್ನೂ ಕೇಳಬೇಕು. ಬಿಸಿಲಿನ ವಿದ್ಯುತ್ತು ಹಗಲು ಬರುತ್ತದೆ, ದೀಪ ಬೇಕಾಗುವುದು ಸಂಜೆ. ಪಾವಗಡದಂಥ ಕಡೆ ಸೌರ ವಿದ್ಯುತ್ತು ಹೆಚ್ಚಿದಂತೆ ಅದನ್ನು ಕೂಡಿಡುವ ದಾರಿ ಬೇಕೇ ಬೇಕು, ಕಲ್ಲಿದ್ದಲು ಬಿಡಬೇಕೆಂದರೆ ಇನ್ನೂ ಬೇಕು. ನೀರನ್ನು ಮೇಲಕ್ಕೆತ್ತಿ ಕೂಡಿಡುವುದು ಜಗತ್ತು ದಶಕಗಳಿಂದ ಬಲ್ಲ, ನಂಬಬಹುದಾದ ವಿಧಾನ. ಏರಿಸಲು ಕೊಟ್ಟ ವಿದ್ಯುತ್ತಿನ ಐದರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ನಷ್ಟವಾದರೂ ಉಳಿದದ್ದು ಬೇಕಾದ ಹೊತ್ತಿಗೆ ಸಿಗುತ್ತದೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕೂಡಿಡುವ ಜಾಗ ಅಭಯಾರಣ್ಯದ ನಟ್ಟನಡುವೆಯೇ ಆಗಬೇಕೇ, ಒಣ ಸೀಮೆಯ ಬೇರೆ ಜಾಗಗಳನ್ನು ಪ್ರಾಮಾಣಿಕವಾಗಿ ಹೋಲಿಸಿ ನೋಡಿದ್ದಾರೆಯೇ, ಬ್ಯಾಟರಿಯ ಬೆಲೆ ಇಳಿಯುತ್ತಿರುವ ಹೊತ್ತಿನಲ್ಲಿ ಅದರ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳುವುದು ಬೆಳಕಿಗೆ ವಿರೋಧವಲ್ಲ. ಪರ್ಯಾಯಗಳ ಅಧ್ಯಾಯ ಪರಿಸರ ವರದಿಯ ಹೃದಯ. ನಮ್ಮ ವರದಿಗಳಲ್ಲಿ ಅದು ಬಹುತೇಕ ಅತಿ ತೆಳ್ಳಗಿನ ಅಧ್ಯಾಯ.

ಅಹವಾಲು ಸಭೆ ಮತದಾನವಲ್ಲ. ಇದನ್ನು ನಮ್ಮವರು ಚೆನ್ನಾಗಿ ತಿಳಿಯಬೇಕು. ಸಾವಿರ ಜನ ಕೈಯೆತ್ತಿ ಬೇಡವೆಂದರೂ ಯೋಜನೆ ಅಷ್ಟಕ್ಕೇ ನಿಲ್ಲುವುದಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಗಣಿಗಾರಿಕೆ ಬೇಡವೆಂದು ತೀರ್ಮಾನಿಸಿದ್ದು ಅರಣ್ಯ ಹಕ್ಕು ಕಾಯ್ದೆಯ ಬಲದಿಂದ, ಸುಪ್ರೀಂ ಕೋರ್ಟಿನ ಆದೇಶದಿಂದ. ಪರಿಸರದ ಅಹವಾಲು ಸಭೆಗೆ ಆ ಅಧಿಕಾರವಿಲ್ಲ. ಅದಕ್ಕಿರುವುದು ದಾಖಲೆಯ ಬಲ. ಸಭೆಯಲ್ಲಿ ಎದ್ದ ಮುಖ್ಯ ಆತಂಕಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಇರಲೇಬೇಕು, ದೆಹಲಿಯ ತಜ್ಞರ ಸಮಿತಿ ಅವನ್ನು ನೋಡಲೇಬೇಕು. 2009ರಲ್ಲಿ ಉತ್ಕರ್ಷ ಮಂಡಲ ಎಂಬ ಸಂಘ ಗೋವಾದ ಗಣಿಯೊಂದರ ವಿರುದ್ಧ ಹೋದಾಗ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು: ಜನರ ಆಕ್ಷೇಪಗಳನ್ನು ತಜ್ಞರ ಸಮಿತಿ ಪರಿಗಣಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. 2019ರಲ್ಲಿ ಗೋವಾದ ಮೋಪಾ ವಿಮಾನ ನಿಲ್ದಾಣದ ಅನುಮತಿಯನ್ನು ಸುಪ್ರೀಂ ಕೋರ್ಟ್ ತಡೆದು ಮರುಪರಿಶೀಲನೆಗೆ ಕಳಿಸಿತು, ಅರ್ಜಿಯಲ್ಲಿ ಮುಖ್ಯ ಸಂಗತಿಗಳನ್ನು ಮುಚ್ಚಿಟ್ಟಿದ್ದರೆಂದು. ಮುಂದೆ ಆ ನಿಲ್ದಾಣಕ್ಕೆ ಅನುಮತಿ ಸಿಕ್ಕಿತು, ನಿಜ, ಆದರೆ ಸುಳ್ಳು ಅಳತೆಯ ಮೇಲೆ ಸಿಗಲಿಲ್ಲ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ರಸ್ತೆ ಮತ್ತು ಕೊಳವೆಯಂಥ ಉದ್ದನೆಯ ಯೋಜನೆಗಳಿಗೆ ಮಣ್ಣು ಅಗೆಯಲು ಪರಿಸರ ಅನುಮತಿ ಬೇಡವೆಂದು ಹೊರಟಿದ್ದ ವಿನಾಯಿತಿಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜನರ ಆಕ್ಷೇಪ ಕೇಳದೆ ಅದನ್ನು ಹೊರಡಿಸಿದ್ದು ಕೂಡ ಒಂದು ಕಾರಣ.

ಭಾಷೆಯ ವಿಷಯ. ಕನ್ನಡದಲ್ಲಿ ಸಿಗುವುದು ಸಾಮಾನ್ಯವಾಗಿ ಸಾರಾಂಶ. ನೂರಾರು ಪುಟಗಳ ಪೂರ್ಣ ವರದಿ, ನಕ್ಷೆ, ಕೋಷ್ಟಕ ಎಲ್ಲ ಇಂಗ್ಲಿಷಿನಲ್ಲಿ. 2020ರಲ್ಲಿ ಪರಿಸರ ಅಧಿಸೂಚನೆಯ ಹೊಸ ಕರಡು ಬಂದಾಗ ದೆಹಲಿ ಹೈಕೋರ್ಟ್ ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಬೇಕೆಂದಿತು. ನಿಯಮದ ಕರಡಿಗೇ ಇಷ್ಟು ಬೇಕಾದರೆ, ಒಂದು ಕಣಿವೆಯ ಭವಿಷ್ಯ ಬರೆದಿರುವ ವರದಿಗೆ ಬೇಡವೇ? ಪೂರ್ಣ ವರದಿ ಕನ್ನಡದಲ್ಲಿ ಬೇಕೆಂದು ನಮ್ಮ ಶಾಸಕರು ವಿಧಾನಸೌಧದಲ್ಲಿ ಕೇಳಬೇಕು.

ಇನ್ನು ನಾವು ಮಾಡಬಹುದಾದ ಕೆಲಸ. ಆಕ್ಷೇಪವನ್ನು ಬಾಯಲ್ಲಿ ಹೇಳಿದರೂ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಸರ್ವೆ ನಂಬರ್, ಹಳ್ಳದ ಹೆಸರು, ಯಾವ ವರ್ಷ ಎಲ್ಲಿ ಧರೆ ಜರಿಯಿತು, ಸಿಂಗಳೀಕ ಎಲ್ಲಿ ಕಂಡಿರಿ ಎಂಬುದನ್ನು ದಿನಾಂಕ, ಫೋಟೋ ಸಹಿತ ಬರೆಯಿರಿ. ವರದಿಯ ಇಂಥ ಪುಟದ ಇಂಥ ಮಾತು ತಪ್ಪು ಎಂದು ಹೇಳುವ ಒಂದು ಅರ್ಜಿ ನೂರು ಘೋಷಣೆಗಿಂತ ದೂರ ಹೋಗುತ್ತದೆ. ಕಾರ್ಗಲ್‌ಗೆ ಬರಲಾಗದ ಹೊನ್ನಾವರದ ಮೀನುಗಾರರಿಗೂ ಬೆಂಗಳೂರಿನಲ್ಲಿರುವ ನಿಮ್ಮ ಮಕ್ಕಳಿಗೂ ಹಕ್ಕಿದೆ, ಏಕೆಂದರೆ ಯೋಜನೆಯಲ್ಲಿ ನ್ಯಾಯವಾದ ಕಾಳಜಿ ಇರುವ ಯಾರೇ ಆದರೂ ಲಿಖಿತ ಅಭಿಪ್ರಾಯ ಕಳಿಸಬಹುದೆಂದು ಅಧಿಸೂಚನೆಯೇ ಹೇಳುತ್ತದೆ. ಸಭೆಯ ನಡಾವಳಿಯನ್ನು, ಜನರು ಎತ್ತಿದ ವಿಷಯಗಳು ಮತ್ತು ಯೋಜನೆಯವರ ಉತ್ತರಗಳೊಂದಿಗೆ ಕನ್ನಡದಲ್ಲೂ ತಯಾರಿಸಿ, ಸಂಬಂಧಪಟ್ಟ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕೆಂಬುದು ಅದೇ ಅಧಿಸೂಚನೆಯ ನಾಲ್ಕನೇ ಅನುಬಂಧದಲ್ಲಿದೆ. ನಿಮ್ಮ ಪಂಚಾಯಿತಿಯ ಬೋರ್ಡಿನಲ್ಲಿ ಅದು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನೀವು ಹೇಳಿದ್ದು ಅದರಲ್ಲಿ ಬಂದಿಲ್ಲವಾದರೆ ತಡಮಾಡದೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಯಾವುದೇ ಯೋಜನೆಗೆ ಅನುಮತಿ ಸಿಕ್ಕರೆ, 2010ರ ಕಾಯ್ದೆಯಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು 30 ದಿನ. ತಡಕ್ಕೆ ಸಕಾರಣ ತೋರಿಸಿದರೆ ಇನ್ನು 60 ದಿನ. ಅದು ಕಳೆದ ಮೇಲೆ ಬಾಗಿಲು ಮುಚ್ಚುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೋ ಮಳೆಗಾಲದ ನಡುವೆಯೋ ಆ ಆದೇಶ ಬಂದರೂ ಬರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ, ಹೊನ್ನಾವರ ನಾಲ್ಕೂ ತಾಲ್ಲೂಕುಗಳಲ್ಲಿ ಕೇಂದ್ರ ಪರಿಸರ ಸಚಿವಾಲಯದ ಪ್ರಕಟಣೆಗಳನ್ನು ವಾರಕ್ಕೊಮ್ಮೆ ನೋಡುವ ಒಬ್ಬೊಬ್ಬರನ್ನಾದರೂ ಇವತ್ತೇ ಗೊತ್ತುಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಸಾಗರದ ಮಟ್ಟಿಗೆ ಆ ಕೆಲಸ ನಾನು ಮಾಡುತ್ತೇನೆ.